ಎರೆನೆಲದ ಮನೆಗಳ ತಳಪಾಯ ದುರಸ್ತಿ ಮತ್ತು ಉಕ್ಕಿನ ಆಧಾರಗಂಬಗಳ ಆಯ್ಕೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪ್ರದೇಶವನ್ನು ಕುರಿತ ಒಂದು ವಿವೇಚನೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಎರೆಯ ಮೇಲೆ ಮನೆ ಕಟ್ಟಿದವರ ದೂರು ಬಹುಮಟ್ಟಿಗೆ ಒಂದೇ ತೆರನಾದುದು. ಬೇಸಗೆಯಲ್ಲಿ ಗೋಡೆಯ ಮೂಲೆ ಬಿರಿಯುತ್ತದೆ. ಮಳೆಗಾಲ ಮುಗಿಯುವ ವೇಳೆಗೆ ಬಿರುಕು ತುಸು ಕೂಡಿಕೊಂಡಂತೆ ಕಂಡು, ಬೇರೊಂದು ಕಡೆ ಹೊಸ ಬಿರುಕು ಮೂಡುತ್ತದೆ. ಒಮ್ಮೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇನ್ನೊಮ್ಮೆ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಗಿಲಾವು ಮಾಡಿ ಬಿರುಕನ್ನು ಮುಚ್ಚುವುದು ಒಂದೆರಡು ವರ್ಷದ ಸಮಾಧಾನವೇ ಹೊರತು ಪರಿಹಾರವಲ್ಲ. ಆದುದರಿಂದಲೇ ಇತ್ತೀಚಿನ ದಿನಗಳಲ್ಲಿ ಕುಸಿದ ತಳಪಾಯದ ಕೆಳಗೆ ಉಕ್ಕಿನ ಕಂಬಗಳನ್ನು ಇಳಿಸಿ ಮನೆಯನ್ನು ಗಟ್ಟಿನೆಲಕ್ಕೆ ಊರಿ ನಿಲ್ಲಿಸುವ ವಿಧಾನದ ಬಗೆಗೆ ಜನರಲ್ಲಿ ಕುತೂಹಲ ಹುಟ್ಟಿರುವುದು ಸಹಜವೇ ಸರಿ.

ಈ ವಿಧಾನ ಪರದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಒಂದು ನೆಲದಲ್ಲಿ ಗುಣಕೊಟ್ಟ ಔಷಧ ಇನ್ನೊಂದು ನೆಲದಲ್ಲಿಯೂ ಗುಣಕೊಡುವುದೆಂದು ನಂಬುವ ಮೊದಲು ರೋಗ ಒಂದೆಯೇ ಎಂಬುದನ್ನು ವಿಚಾರಿಸಬೇಕು. ಸಾಮಾನ್ಯ ಮೆತುನೆಲದಲ್ಲಿ ಮನೆ ಕೆಳಗೆ ಇಳಿಯುತ್ತದೆ, ಅಷ್ಟೆ. ಎರೆನೆಲದಲ್ಲಾದರೋ ಮನೆ ಇಳಿಯುವುದೂ ಉಂಟು, ಏರುವುದೂ ಉಂಟು. ಉಕ್ಕಿನ ಕಂಬ ಇಳಿಯುವುದನ್ನು ತಡೆಯಬಲ್ಲುದು. ಏರುವುದನ್ನು ತಾನಾಗಿಯೇ ತಡೆಯಲಾರದು. ಈ ಒಂದು ಮಾತಿನಿಂದ ಆಯ್ಕೆಯ ನಿಯಮಗಳೆಲ್ಲ ಹೊರಡುತ್ತವೆ. ಅವನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶವಾಗಿದೆ.

1. ನೆಲದ ಸ್ವರೂಪ

ಈ ನಾಲ್ಕು ತಾಲೂಕುಗಳ ನೆಲ ಒಂದೇ ಬಗೆಯದಲ್ಲ. ಪಶ್ಚಿಮದ ಕಿತ್ತೂರು ಮಲೆನಾಡಿನ ಅಂಚಿಗೆ ಹತ್ತಿರವಾದುದು. ಅಲ್ಲಿ ಕೆಂಪುಮಣ್ಣು ಕಪ್ಪುಮಣ್ಣು ಎರಡೂ ಒಂದರ ಮಗ್ಗುಲಲ್ಲಿ ಒಂದು ಬರುತ್ತವೆ, ಮಳೆಯೂ ಉಳಿದ ಮೂರು ಕಡೆಗಳಿಗಿಂತ ಹೆಚ್ಚು. ಬೈಲಹೊಂಗಲದ ಬಯಲು ಹತ್ತಿ ಜೋಳಗಳಿಗೆ ಹೆಸರಾದ ಎರೆಭೂಮಿ. ಸವದತ್ತಿ ರಾಮದುರ್ಗಗಳಲ್ಲಿ ಎರೆಯ ಬಯಲಿನ ನಡುವೆ ಮರಳುಗಲ್ಲಿನ ಗುಡ್ಡಗಳು ಎದ್ದು ನಿಂತಿವೆ. ಎಲ್ಲಮ್ಮನ ಗುಡ್ಡವೂ, ಮಲಪ್ರಭೆ ಸೀಳಿಕೊಂಡು ಹರಿಯುವ ನವಿಲುತೀರ್ಥದ ಕಂದರವೂ ಈ ಶಿಲೆಯವೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರು ದಕ್ಷಿಣ ಮಹಾರಾಷ್ಟ್ರ ಪ್ರಾಂತದ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲಾವರ್ಗವನ್ನು ಕಲಾದಗಿ ಶ್ರೇಣಿಯೆಂದು ವರ್ಣಿಸಿದರು. ಮರಳುಗಲ್ಲಿನೊಡನೆ ಸುಣ್ಣಗಲ್ಲು, ಜೇಡಿಗಲ್ಲುಗಳೂ ಈ ಶ್ರೇಣಿಯಲ್ಲಿವೆ.

ಮನೆ ಕಟ್ಟುವವನಿಗೆ ಇದರಿಂದ ಬರುವ ತಾತ್ಪರ್ಯವಿಷ್ಟು: ಮೇಲೆ ಎರೆ, ಅದರ ಕೆಳಗೆ ಬಹಳ ಕಡೆ ಸುಣ್ಣದ ಹರಳು ಬೆರೆತ ಮಣ್ಣು, ಅದರ ಕೆಳಗೆ ಗರಸು, ಕೊನೆಗೆ ಬಂಡೆ. ಗುಡ್ಡದ ಬುಡದಲ್ಲಿ ಗರಸು ಮೊಳಕಾಲುದ್ದದಲ್ಲೇ ಸಿಕ್ಕೀತು. ಹಳ್ಳದ ಬದಿಯ ಬಯಲಿನಲ್ಲಿ ಹಲವು ಮೀಟರ್ ಅಗೆದರೂ ಎರೆ ಮುಗಿಯದೆ ಇದ್ದೀತು. ಒಂದೇ ಊರಿನಲ್ಲಿ, ಒಮ್ಮೊಮ್ಮೆ ಒಂದೇ ಮನೆಯ ಎರಡು ಮೂಲೆಗಳಲ್ಲಿ, ಈ ಆಳ ಬೇರೆ ಬೇರೆಯಾಗಿರುವುದು ಅಪರೂಪವಲ್ಲ. ಕಂಬದ ಆಯ್ಕೆಗೆ ಮೊದಲು ತಿಳಿಯಬೇಕಾದುದು ಈ ಆಳವನ್ನು.

2. ಎರೆ ಉಬ್ಬುವುದೇಕೆ?

ಎರೆಯ ಈ ಗುಣಕ್ಕೆ ಕಾರಣ ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ. ಫ್ರಾನ್ಸ್ ದೇಶದ ಮಾಂಟ್‌ಮೊರಿಲ್ಲೊನ್ ಎಂಬ ಊರಿನಿಂದ 1847ರಲ್ಲಿ ಇದಕ್ಕೆ ಈ ಹೆಸರು ಬಂದಿತು. ಇದರ ಕಣಗಳು ಅತ್ಯಂತ ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುತ್ತವೆ. ಹಾಳೆ ಹಾಳೆಗಳ ನಡುವಿನ ಬಂಧ ದುರ್ಬಲವಾದುದರಿಂದ ನೀರು ಅವುಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಹಾಳೆಗಳ ಒಟ್ಟು ಮೈಹರಹು ಸುಮಾರು 800 ಚದರ ಮೀಟರಿನವರೆಗೆ ಇರುತ್ತದೆ. ಕುಂಬಾರಿಕೆಯ ಬಿಳಿಜೇಡಿಯಾದ ಕೇಯೊಲಿನೈಟಿನದು ಹತ್ತಿಪ್ಪತ್ತು ಚದರ ಮೀಟರ್ ಮಾತ್ರ. ನೀರನ್ನು ಹಿಡಿಯುವ ಶಕ್ತಿಯಲ್ಲಿ ಎರಡಕ್ಕೂ ಇರುವ ಅಂತರ ಇದರಿಂದ ವಿದಿತವಾಗುತ್ತದೆ.

ನೀರು ಹೀರಿದ ಎರೆ ಉಬ್ಬುತ್ತದೆ. ಉಬ್ಬಲು ಅವಕಾಶ ಕೊಡದಿದ್ದರೆ ಮೇಲಿನ ಭಾರವನ್ನು ಎತ್ತುವಷ್ಟು ಒತ್ತಡವನ್ನು ತೋರುತ್ತದೆ. ಒಣಗಿದಾಗ ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕುಗಳಾಗಿ ಒಡೆಯುತ್ತದೆ. ಆದರೆ ಈ ಏರಿಳಿತ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಬಿಸಿಲು ಮಳೆಗಳ ಪ್ರಭಾವ ಮುಟ್ಟುವಷ್ಟು ಆಳದ ಪದರಕ್ಕೆ ಚಲನಪದರವೆಂದು ಹೆಸರಿಡೋಣ. ಆಳವಾದ ಎರೆಯಲ್ಲಿ ಕಾಂಕ್ರೀಟ್ ಕಂಬಗಳು ನೆಲಮಟ್ಟದಿಂದ ಕನಿಷ್ಠ 3.5 ಮೀಟರ್ ಉದ್ದವಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮವಿರುವುದು ಈ ಕಾರಣದಿಂದಲೇ. ಚಲನಪದರದಲ್ಲಿ ನಿಂತ ತಳಪಾಯ ಚಲಿಸುತ್ತದೆ. ಅದನ್ನು ದಾಟಿದ ತಳಪಾಯ ನಿಲ್ಲುತ್ತದೆ.

3. ಬಿರುಕನ್ನು ಓದುವ ಕ್ರಮ

ದುರಸ್ತಿಗೆ ಮೊದಲು ರೋಗನಿದಾನವಾಗಬೇಕು. ಇಲ್ಲಿ ಒಂದು ತೊಡಕುಂಟು. ಮನೆಯ ಮೂಲೆ ಕುಸಿದರೆ ಗೋಡೆಯಲ್ಲಿ ಓರೆಯಾದ ಬಿರುಕು ಮೂಡಿ, ಮೇಲ್ಗಡೆ ಅಗಲವಾಗಿಯೂ ಕೆಳಗಡೆ ಕಿರಿದಾಗಿಯೂ ಇರುತ್ತದೆ. ಮೂಲೆ ಇದ್ದಲ್ಲೇ ಇದ್ದು ಮನೆಯ ನಡುಭಾಗ ಉಬ್ಬಿದರೂ ಗೋಡೆ ಬಾಗುವ ರೀತಿ ಅದೇ ಆದುದರಿಂದ ಬಿರುಕೂ ಅದೇ ಆಕಾರದ್ದಾಗಿರುತ್ತದೆ. ಎರೆಯ ಮೇಲೆ ಕಟ್ಟಿದ ಮನೆಯಲ್ಲಿ ಎರಡನೆಯ ಸಂಗತಿಯೂ ಅಷ್ಟೇ ಸಂಭವನೀಯ. ಏಕೆಂದರೆ ಮನೆಯ ನೆಲಗಟ್ಟು ಕೆಳಗಿನ ಮಣ್ಣಿಗೆ ಮುಚ್ಚಳದಂತಾಗಿ ಆವಿಯನ್ನು ತಡೆಯುತ್ತದೆ. ಕೆಲವು ವರ್ಷಗಳಲ್ಲಿ ನಡುಭಾಗದಲ್ಲಿ ತೇವ ಸಂಗ್ರಹವಾಗಿ ನೆಲ ಗುಮ್ಮಟದಂತೆ ಏಳುತ್ತದೆ. ಇದಕ್ಕೆ ವಿರುದ್ಧವಾಗಿ ಹೊಸಮನೆಗೆ ಮೊದಲ ಮಳೆಗಾಲದಲ್ಲಿ ಹೊರ ಅಂಚುಗಳು ನೆನೆದು ಏರಿದಾಗ ಬಿರುಕು ಕೆಳಗಡೆ ಅಗಲವಾಗಿರುತ್ತದೆ.

ಮೂಲೆ ಕುಸಿದಿದ್ದರೆ ಕಂಬ ಹಾಕುವುದು ಯುಕ್ತ. ನಡು ಉಬ್ಬಿದ್ದರೆ ಮೂಲೆಗೆ ಕಂಬ ಹಾಕಿ ಎತ್ತುವುದರಿಂದ ಮೂಲೆಯನ್ನೂ ತಪ್ಪುಮಟ್ಟಕ್ಕೆ ಒಯ್ದಂತಾಗುತ್ತದೆ. ಮುಂದೆ ನಡುಭಾಗ ಒಣಗಿ ಇಳಿದಾಗ ಹೊಸ ಬಿರುಕು ತಪ್ಪುವುದಿಲ್ಲ. ಹೀಗಿರಲು ಬಿರುಕನ್ನು ನೋಡಿದ ಮಾತ್ರಕ್ಕೆ ಕಂಬಗಳ ಸಂಖ್ಯೆಯನ್ನು ನಿಶ್ಚಯಿಸುವುದು ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವೆರಡನ್ನೂ ಬೇರ್ಪಡಿಸುವ ಉಪಾಯ ಮಟ್ಟದ ಅಳತೆಯೊಂದೇ. ಗೌಂಡಿಗಳು ಬಳಸುವ ನೀರಿನ ನಳಿಗೆಯಿಂದಲೇ ಇದನ್ನು ಸಾಧಿಸಬಹುದು. ಗೋಡೆಯ ಸುತ್ತಲೂ ಎಂಟು ಹತ್ತು ಗುರುತುಗಳನ್ನು ಮಾಡಿ, ಚಲಿಸದ ಒಂದು ಸ್ಥಿರಬಿಂದುವಿಗೆ ಹೋಲಿಸಿ ಅವುಗಳ ಎತ್ತರವನ್ನು ಬರೆದಿಡಬೇಕು. ಸ್ಥಿರಬಿಂದು ಎರೆಯ ಮೇಲಿರಬಾರದು. ಗರಸಿನವರೆಗೆ ಇಳಿಸಿದ ಕಬ್ಬಿಣದ ಸಲಾಕೆಗೆ, ಸುತ್ತಲಿನ ಮಣ್ಣು ತಾಗದಂತೆ ಹೊರಗೊಳವೆ ತೊಡಿಸಿದರೆ ಅದು ಒಳ್ಳೆಯ ಸ್ಥಿರಬಿಂದುವಾಗುತ್ತದೆ. ಮೃಗಶಿರೆಯ ಮಳೆಗೆ ಮೊದಲು ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಹಿಂಗಾರಿನ ಮಳೆ ಮುಗಿದ ಮೇಲೆ ನವೆಂಬರದಲ್ಲಿ ಒಮ್ಮೆ ಅಳತೆ ಮಾಡಬೇಕು. ಎರಡು ಅಳತೆಗಳ ನಡುವೆ ಮನೆ ಏರಿಳಿಯುತ್ತಿದ್ದರೆ ಅದು ಎರೆಯ ಋತುಚಲನೆ. ಎರಡರಲ್ಲಿಯೂ ಒಂದೇ ದಿಕ್ಕಿಗೆ ಇಳಿಯುತ್ತ ಹೋದರೆ ಬೇರೆ ಕಾರಣ ಹುಡುಕಬೇಕು. ಈ ಭಾಗದ ಹಳೆಯ ಊರುಗಳಲ್ಲಿ ಅಂಥ ಒಂದು ಕಾರಣ ಹಗೇವು. ಜೋಳ ತುಂಬಿಡಲು ಓಣಿಗಳಲ್ಲಿಯೂ ಅಂಗಳಗಳಲ್ಲಿಯೂ ತೋಡಿದ್ದ ಹಗೇವುಗಳು ಬಳಕೆ ತಪ್ಪಿ, ಮೇಲೆ ಮನೆಗಳೆದ್ದಿವೆ. ನೆರೆಯ ನರಗುಂದದಲ್ಲಿ 2019ರ ನಂತರ ಪದೇ ಪದೇ ನೆಲ ಕುಸಿದಾಗ ಏರಿದ ಅಂತರ್ಜಲದೊಡನೆ ಹಳೆಯ ಹಗೇವುಗಳ ಹೆಸರೂ ಕೇಳಿಬಂದಿತು. ಅಂಥ ಟೊಳ್ಳಿನ ಮೇಲಿರುವ ಗೋಡೆಗೆ ಮೊದಲು ಬೇಕಾದುದು ಟೊಳ್ಳನ್ನು ತುಂಬುವುದು.

4. ಉಕ್ಕಿನ ಆಧಾರಗಂಬಗಳ ಬಗೆಗಳು

ಮನೆ ದುರಸ್ತಿಗೆ ಬಳಸುವ ಉಕ್ಕಿನ ಕಂಬಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಒತ್ತುಗಂಬ. ತಳಪಾಯದ ಅಂಚಿಗೆ ಉಕ್ಕಿನ ಕೈಹಿಡಿಕೆಯನ್ನು ಬಿಗಿದು, ಜ್ಯಾಕಿನ ಸಹಾಯದಿಂದ ಉಕ್ಕಿನ ಕೊಳವೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಗಟ್ಟಿನೆಲ ಮುಟ್ಟುವವರೆಗೆ ಒತ್ತುವುದು ಇದರ ಕ್ರಮ. ನ್ಯೂಯಾರ್ಕಿನಲ್ಲಿ ದೊಡ್ಡ ಕಟ್ಟಡಗಳ ಗೋಡೆಗಳಿಗೆ ಊರೆ ಕೊಡಲು ಜೂಲ್ಸ್ ಬ್ರೂಶೋ ಎಂಬ ಎಂಜಿನಿಯರರು 1896ರಲ್ಲಿ ಈ ತತ್ತ್ವಕ್ಕೆ ಪೇಟೆಂಟು ಪಡೆದರು. ಜ್ಯಾಕು ಕೊಳವೆಯನ್ನು ಕೆಳಕ್ಕೆ ಒತ್ತುವಷ್ಟೇ ಬಲದಿಂದ ಮನೆಯನ್ನು ಮೇಲಕ್ಕೆ ಒತ್ತುವುದರಿಂದ, ಮನೆಯ ಭಾರವೇ ಇದರ ಶಕ್ತಿ. ಮನೆ ಹಗುರವಾದರೆ ಕಂಬ ಗಟ್ಟಿನೆಲ ಮುಟ್ಟುವ ಮೊದಲೇ ಗೋಡೆ ಏಳತೊಡಗುತ್ತದೆ.

ಎರಡನೆಯದು ತಿರುಪುಗಂಬ. ಉಕ್ಕಿನ ದಂಡಕ್ಕೆ ಒಂದೆರಡು ಸುರುಳಿತಟ್ಟೆಗಳನ್ನು ಬೆಸೆದು, ಯಂತ್ರದಿಂದ ತಿರುಗಿಸಿ ಸ್ಕ್ರೂವಿನಂತೆ ನೆಲಕ್ಕೆ ಇಳಿಸುವುದು. ಐರಿಷ್ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಥೇಮ್ಸ್ ನದೀಮುಖದ ಮರಳದಿಬ್ಬದ ಮೇಲೆ 1838ರಲ್ಲಿ ದೀಪಸ್ತಂಭಕ್ಕಾಗಿ ಈ ಕಂಬಗಳನ್ನು ಇಳಿಸಿದರು. ಇದಕ್ಕೆ ಮನೆಯ ಭಾರ ಬೇಡ. ಹಗುರ ಮನೆಗೂ ಸಲ್ಲುತ್ತದೆ. ತಟ್ಟೆ ಆಳದ ಮಣ್ಣಿನಲ್ಲಿ ಹಿಡಿದಿರುವುದರಿಂದ ಕೆಳಗಿನ ಭಾರವನ್ನೂ ಮೇಲಕ್ಕೆ ಕೀಳುವ ಎಳೆತವನ್ನೂ ತಡೆಯುತ್ತದೆ. ಆದರೆ ಬಂಡೆಯನ್ನೂ ಗುಂಡುಕಲ್ಲಿನ ಪದರವನ್ನೂ ಇದು ಭೇದಿಸಲಾರದು.

ಮೂರನೆಯದು ಕೊರೆಗಂಬ, ಎಂದರೆ ಮೈಕ್ರೊಪೈಲ್. ಸಣ್ಣ ವ್ಯಾಸದ ರಂಧ್ರವನ್ನು ಕೊರೆದು, ಅದರಲ್ಲಿ ಉಕ್ಕಿನ ಸಲಾಕೆ ಅಥವಾ ಕೊಳವೆಯನ್ನು ನಿಲ್ಲಿಸಿ ಸಿಮೆಂಟಿನ ಗಂಜಿ ತುಂಬುವುದು. ಇಟಲಿಯ ಫೆರ್ನಾಂಡೊ ಲಿಝ್ಝಿ 1952ರಲ್ಲಿ ಯುದ್ಧದಿಂದ ಜಖಂಗೊಂಡ ಕಟ್ಟಡಗಳ ದುರಸ್ತಿಗಾಗಿ ಇದನ್ನು ರೂಪಿಸಿದರು. ಕಲ್ಲಿನ ಮೂಲಕವೂ ಹಳೆಯ ಗೋಡೆಯ ಮೂಲಕವೂ ಕೊರೆದು ಹೋಗಬಲ್ಲುದು ಇದರ ಗುಣ.

ಇವುಗಳ ಜತೆಗೆ ಅಂಡರ್‌ರೀಮ್ಡ್ ಪೈಲ್ ಎಂಬ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬವನ್ನು ನೆನೆಯುವುದು ಅವಶ್ಯ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಎರೆನೆಲಕ್ಕಾಗಿಯೇ ಇದನ್ನು ಬೆಳಸಿ ರೂಢಿಗೆ ತಂದಿತು. ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಂಬದ ವ್ಯಾಸದ ಎರಡೂವರೆ ಪಟ್ಟು. ಹೊಸಮನೆಗೆ ಇದಕ್ಕಿಂತ ತಕ್ಕುದು ಕಡಿಮೆ. ನಿಂತ ಮನೆಯ ಗೋಡೆಯ ಕೆಳಗೆ ಇದನ್ನು ತೋಡುವುದು ಕಷ್ಟವಾದುದರಿಂದ ಉಕ್ಕಿನ ಪ್ರಶ್ನೆ ಏಳುತ್ತದೆ.

5. ಒಂದು ಲೆಕ್ಕ

ಆಯ್ಕೆಯ ತತ್ತ್ವಗಳು ಲೆಕ್ಕದಿಂದ ಸ್ಪಷ್ಟವಾಗುತ್ತವೆ. ಕೆಳಗಿನ ಅಂಕಗಳು ಉದಾಹರಣೆಗಾಗಿ ಹಿಡಿದವು. ನಿಜವಾದ ಮನೆಗೆ ಅಲ್ಲಿಯ ಮಣ್ಣಿನ ಪರೀಕ್ಷೆಯಿಂದ ಬಂದ ಅಂಕಗಳನ್ನೇ ಬಳಸಬೇಕು.

ಒಂದಂತಸ್ತಿನ ಮನೆಯ ಕಲ್ಲಿನ ಗೋಡೆ 0.45 ಮೀಟರ್ ದಪ್ಪ, 3 ಮೀಟರ್ ಎತ್ತರವಿರಲಿ. ಘನಮೀಟರಿಗೆ 2.2 ಟನ್ನಿನಂತೆ ಗೋಡೆಯ ಭಾರ ಮೀಟರ್ ಉದ್ದಕ್ಕೆ ಸುಮಾರು 3 ಟನ್ನು. ಕಾಂಕ್ರೀಟ್ ಮಾಳಿಗೆಯ ಪಾಲು 0.6 ಟನ್ನು. 0.6 ಮೀಟರ್ ಅಗಲ, 0.9 ಮೀಟರ್ ಆಳದ ಬುನಾದಿ ಸುಮಾರು 1.2 ಟನ್ನು. ಒಟ್ಟು ಮೀಟರಿಗೆ 4.8 ಟನ್ನು. 1.5 ಮೀಟರಿಗೊಂದರಂತೆ ಕಂಬಗಳನ್ನಿಟ್ಟರೆ ಪ್ರತಿಯೊಂದಕ್ಕೂ ಬರುವ ಭಾರ ಸುಮಾರು 7 ಟನ್ನು.

ಈಗ ಎರೆ ಉಬ್ಬುವಾಗ ಏನಾಗುವುದೆಂದು ನೋಡೋಣ. ಬುನಾದಿಯ ತಳ 0.6 ಮೀಟರ್ ಅಗಲವಾಗಿರುವುದರಿಂದ ಎರಡು ಕಂಬಗಳ ನಡುವಣ ಹರಹು 0.9 ಚದರ ಮೀಟರ್. ಚದರ ಮೀಟರಿಗೆ 10 ಟನ್ನಿನ ಉಬ್ಬುವ ಒತ್ತಡವನ್ನು ಹಿಡಿದರೆ, ಮೇಲಕ್ಕೆ ಎತ್ತುವ ಬಲ 9 ಟನ್ನು. ಕೆಳಕ್ಕೆ ಕೂರಿಸುವ ಭಾರ 7 ಟನ್ನು. ಗೋಡೆ ಕಂಬವನ್ನು ಬಿಟ್ಟು ಮೇಲೇಳುತ್ತದೆ! ಕಂಬ ಎಷ್ಟೇ ಆಳಕ್ಕೆ, ಎಷ್ಟೇ ಗಟ್ಟಿಯಾದ ಬಂಡೆಗೆ ಊರಿದ್ದರೂ ಇದರಲ್ಲಿ ವ್ಯತ್ಯಾಸವಿಲ್ಲ. ಏಕೆಂದರೆ ಗೋಡೆ ಕಂಬದ ಮೇಲೆ ಕುಳಿತಿದೆಯೇ ಹೊರತು ಅದಕ್ಕೆ ಕಟ್ಟಿಹಾಕಿದಂತಿಲ್ಲ. ಇದಕ್ಕೆ ಪರಿಹಾರವೆಂದರೆ ಕಂಬಗಳು ಭಾರವನ್ನು ಹೊತ್ತ ಮೇಲೆ ಬುನಾದಿಯ ತಳದ ಎರೆಯನ್ನು ತೆಗೆದು ತೆರಪು ಬಿಡುವುದು. ಕಾಂಕ್ರೀಟ್ ಕಂಬಗಳ ಮೇಲಿನ ತೊಲೆಯ ಕೆಳಗೆ ಸುಮಾರು 8 ಸೆಂಟಿಮೀಟರ್ ತೆರಪಿರಬೇಕೆಂಬ ನಿಯಮದ ಹುರುಳೂ ಇದೇ. ತೆರಪಿಲ್ಲದ ಕಂಬದ ಕೆಲಸ ಎರೆನೆಲದಲ್ಲಿ ಅರ್ಧ ಕೆಲಸ.

ಇನ್ನು ಕಂಬದ ಮೈಯನ್ನೇ ಎರೆ ಹಿಡಿದು ಮೇಲಕ್ಕೆ ಎಳೆಯುವ ಬಲ. ಚಲನಪದರ 3 ಮೀಟರ್ ಆಳವಿದ್ದು, ಮೈಹಿಡಿತ ಚದರ ಮೀಟರಿಗೆ 5 ಟನ್ನೆಂದುಕೊಂಡರೆ, 30 ಸೆಂಟಿಮೀಟರ್ ವ್ಯಾಸದ ಕಾಂಕ್ರೀಟ್ ಕಂಬಕ್ಕೆ ಸುಮಾರು 14 ಟನ್ನಿನ ಎಳೆತ ಬರುತ್ತದೆ. 73 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆಗೆ 3.4 ಟನ್ನು ಮಾತ್ರ. ಮೇಲಿನ 7 ಟನ್ನಿನ ಭಾರ ಇದನ್ನು ಸುಲಭವಾಗಿ ಹತ್ತಿಕ್ಕುತ್ತದೆ. ಎರೆನೆಲದಲ್ಲಿ ಉಕ್ಕಿನ ಕಂಬಕ್ಕಿರುವ ನಿಜವಾದ ಅನುಕೂಲ ಅದರ ಸಣ್ಣ ಮೈ. ಆದುದರಿಂದ ದಪ್ಪನಾದ ಕಂಬವೇ ಹೆಚ್ಚು ಭದ್ರವೆಂಬ ಸಾಮಾನ್ಯ ಭಾವನೆ ಇಲ್ಲಿ ಸರಿಯಲ್ಲ. ಕೊರೆಗಂಬದ ಸಿಮೆಂಟಿನ ಮೈ ಒರಟಾಗಿರುವುದರಿಂದ ಚಲನಪದರದಷ್ಟು ಆಳಕ್ಕೆ ನುಣುಪಾದ ಹೊರಗೊಳವೆ ತೊಡಿಸುವುದು ಲೇಸು.

6. ಆಯ್ಕೆಯ ಪ್ರಶ್ನೆಗಳು

ಮೇಲಿನ ವಿವೇಚನೆಯಿಂದ ಕಂಬವನ್ನು ಆರಿಸುವವನು ಕೇಳಬೇಕಾದ ಪ್ರಶ್ನೆಗಳು ಐದೆಂದು ಹೇಳಬಹುದು.

ಗೋಡೆ ಬಿಂದುಗಳ ಮೇಲೆ ನಿಲ್ಲಬಲ್ಲುದೇ? ಇದು ಮೊದಲ ಪ್ರಶ್ನೆ. ಈ ಭಾಗದ ಹಳೆಯ ಮೇಲ್ಮುದ್ದೆಯ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಕಟ್ಟಿಗೆಯ ಕಂಬ, ತೊಲೆ, ಜಂತಿಗಳು ಹೊರುತ್ತವೆ. ಗೋಡೆ ಕಲ್ಲು ಮತ್ತು ಮಣ್ಣಿನ ಕೆಸರಿನದು. ನೆಲ ತುಸು ಚಲಿಸಿದರೂ ಕಟ್ಟಿಗೆಯ ಚೌಕಟ್ಟು ಬಾಗಿ ಸಹಿಸಿಕೊಳ್ಳುವುದು ಈ ರಚನೆಯ ಜಾಣ್ಮೆ. ಆದರೆ ಕೆಸರುಗಾರೆಯ ಗೋಡೆಯನ್ನು ಒಂದೂವರೆ ಮೀಟರಿಗೊಂದು ಉಕ್ಕಿನ ಹಿಡಿಕೆಯ ಮೇಲೆ ಎತ್ತಿದರೆ ನಡುವಿನ ಕಲ್ಲುಗಳು ಕಳಚಿ ಬೀಳುತ್ತವೆ. ಅಂಥ ಗೋಡೆಗೆ ಮೊದಲು ಚಿಕ್ಕ ಚಿಕ್ಕ ಭಾಗಗಳಾಗಿ ಬಲವರ್ಧಿತ ಕಾಂಕ್ರೀಟಿನ ತೊಲೆಯನ್ನು ಅಡಿಗೆ ಸೇರಿಸಬೇಕು. ಅದರ ಖರ್ಚನ್ನೂ ಕೂಡಿಸಿ ನೋಡಿದಾಗ ಉಕ್ಕಿನ ಕಂಬ ಎಷ್ಟೋ ಸಲ ಯೋಗ್ಯವಾಗಿ ಕಾಣುವುದಿಲ್ಲ. ಸಿಮೆಂಟುಗಾರೆಯ ಗೋಡೆ, ಪ್ಲಿಂತ್ ಬೀಮುಗಳುಳ್ಳ ಮನೆಗೆ ಈ ತೊಂದರೆಯಿಲ್ಲ.

ಮನೆ ಎಷ್ಟು ಭಾರ? ಒತ್ತುಗಂಬವನ್ನು ಅದು ಹೊರಬೇಕಾದ ಭಾರದ ಒಂದೂವರೆ ಪಟ್ಟು ಬಲದಿಂದ ಒತ್ತಿ ಪರೀಕ್ಷಿಸುವುದು ವಾಡಿಕೆ. ಮೇಲಿನ ಉದಾಹರಣೆಯಲ್ಲಿ ಅದು 10.5 ಟನ್ನು. ಅಷ್ಟು ಎದುರುಭಾರವನ್ನು ಎರಡೂ ಮಗ್ಗುಲಿನ ಗೋಡೆ ಒಟ್ಟಾಗಿ ಕೊಡಬೇಕು. ಎರಡಂತಸ್ತಿನ ಗಟ್ಟಿ ಮನೆಗೆ ಇದು ಸಾಧ್ಯ. ತಗಡಿನ ಮಾಳಿಗೆಯ ಇಟ್ಟಿಗೆ ಮನೆಗೆ ಸಾಧ್ಯವಿಲ್ಲ. ಅಲ್ಲಿ ತಿರುಪುಗಂಬವೇ ಸರಿ.

ಗಟ್ಟಿನೆಲ ಎಷ್ಟು ಆಳದಲ್ಲಿದೆ? ಒಂದೆರಡು ಮೀಟರಿನಲ್ಲೇ ಗರಸು ಸಿಕ್ಕುವುದಾದರೆ ಉಕ್ಕು ಬೇಕಿಲ್ಲ. ಗೋಡೆಯ ಕೆಳಗೆ ಒಂದು ಬಿಟ್ಟು ಒಂದರಂತೆ ಗುಂಡಿ ತೋಡಿ ಗರಸಿನವರೆಗೆ ಕಾಂಕ್ರೀಟ್ ತುಂಬುವ ಹಳೆಯ ಕ್ರಮವೇ ಸಾಕು. ಆಳ ಹೆಚ್ಚಾಗಿ, ನಡುವೆ ಕಲ್ಲುಗಳಿಲ್ಲದಿದ್ದರೆ ತಿರುಪುಗಂಬ ಅಥವಾ ಒತ್ತುಗಂಬ, ಕಲ್ಲುಗಳಿದ್ದರೆ ಕೊರೆಗಂಬ.

ತಿರುಪುಗಂಬದ ತಟ್ಟೆ ಚಲನಪದರವನ್ನು ದಾಟಿದೆಯೇ? ಈ ಕಂಬದ ಶಕ್ತಿಯನ್ನು ಅದನ್ನು ತಿರುಗಿಸಲು ಬೇಕಾದ ತಿರುಚುಬಲದಿಂದ ಅಂದಾಜು ಮಾಡುತ್ತಾರೆ. 73 ಮಿಲಿಮೀಟರ್ ಕೊಳವೆಗೆ ತಿರುಚುಬಲದ ಸುಮಾರು 30 ಪಟ್ಟು, ಮೀಟರ್ ಮಾನದಲ್ಲಿ, ಕಂಬದ ಪರಮಶಕ್ತಿ. 7 ಟನ್ನಿನ ಇಮ್ಮಡಿಯಾದ 14 ಟನ್ನು, ಎಂದರೆ ಸುಮಾರು 140 ಕಿಲೊನ್ಯೂಟನ್ ಶಕ್ತಿಗೆ 4.7 ಕಿಲೊನ್ಯೂಟನ್-ಮೀಟರ್ ತಿರುಚುಬಲ ಬೇಕು. ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಏಪ್ರಿಲ್ ಮೇ ತಿಂಗಳುಗಳಲ್ಲಿ ಒಣಗಿದ ಎರೆ ಇಟ್ಟಿಗೆಯಂತೆ ಗಟ್ಟಿಯಾಗಿರುವುದರಿಂದ ಎರಡು ಮೀಟರಿನೊಳಗೇ ಈ ತಿರುಚುಬಲ ತೋರಿಬರಬಹುದು. ಮಾಪಕವನ್ನು ನಂಬಿ ಅಲ್ಲಿಯೇ ನಿಲ್ಲಿಸಿದರೆ ಮಳೆಗಾಲದಲ್ಲಿ ಅದೇ ಮಣ್ಣು ಮೆತ್ತಗಾಗಿ ಉಬ್ಬಿ, ತಟ್ಟೆಯನ್ನು ಹಿಡಿದು ಮನೆಯನ್ನೇ ಎತ್ತುತ್ತದೆ. ಆದುದರಿಂದ ಕರಾರಿನಲ್ಲಿ ತಿರುಚುಬಲವನ್ನೂ ಕನಿಷ್ಠ ಆಳವನ್ನೂ ಎರಡನ್ನೂ ಬರೆಯಬೇಕು.

ಉಕ್ಕು ಎಷ್ಟು ಕಾಲ ಬಾಳುತ್ತದೆ? ತೇವದ ಜೇಡಿ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಉಕ್ಕಿಗೆ ತುಕ್ಕು ಹಿಡಿಸುವ ಗುಣವುಳ್ಳದ್ದು. ಸವಳು ನೆಲದಲ್ಲಿ ಇದು ಇನ್ನೂ ಹೆಚ್ಚು. ನೀರಾವರಿಯಿಂದ ಸವಳು ಏರಿದ ಕಡೆ ಮಣ್ಣಿನ ಲವಣಾಂಶವನ್ನು ಪರೀಕ್ಷಿಸದೆ ಉಕ್ಕನ್ನು ಹೂಳಬಾರದು. ಸತುವಿನ ಬಿಸಿಲೇಪನವಿರುವ, ತುಕ್ಕಿನ ಸವೆತಕ್ಕಾಗಿ ಹೆಚ್ಚುವರಿ ದಪ್ಪವಿರುವ ಕೊಳವೆಗಳನ್ನೇ ಆರಿಸಬೇಕು.

ಇವೆಲ್ಲಕ್ಕೂ ಸೇರಿದ ಇನ್ನೊಂದು ಮಾತು. ಬಿರುಕುಬಿಟ್ಟ ಒಂದು ಮೂಲೆಗೆ ಮಾತ್ರ ಕಂಬ ಹಾಕಿಸಿ ಉಳಿದ ಮನೆಯನ್ನು ಎರೆಯ ಮೇಲೆಯೇ ಬಿಟ್ಟರೆ, ಒಂದು ಭಾಗ ಸ್ಥಿರವಾಗಿಯೂ ಇನ್ನೊಂದು ಭಾಗ ಋತುವಿಗೆ ತಕ್ಕಂತೆ ಏರಿಳಿಯುತ್ತಲೂ ಇರುವುದರಿಂದ ಎರಡೂ ಕೂಡುವಲ್ಲಿ ಹೊಸ ಬಿರುಕು ಬರುವುದು ಖಂಡಿತ. ಕಂಬ ಹಾಕುವುದಾದರೆ ಇಡೀ ಮನೆಗೆ ಹಾಕಬೇಕು; ಇಲ್ಲವೆ ಆ ಭಾಗವನ್ನು ಸಂದು ಬಿಟ್ಟು ಬೇರ್ಪಡಿಸಬೇಕು.

7. ಕಂಬವಿಲ್ಲದ ಪರಿಹಾರ

ಎರೆಯನ್ನು ಚಲಿಸುವುದು ನೀರು. ಹೀಗಾಗಿ ನೀರನ್ನು ಹತೋಟಿಯಲ್ಲಿಡುವುದು ಎಲ್ಲಕ್ಕಿಂತ ಅಗ್ಗವಾದ ದುರಸ್ತಿ. ಬಚ್ಚಲಿನ ನೀರು ಗೋಡೆಯ ಬುಡದಲ್ಲಿ ಇಂಗದಂತೆ ದೂರ ಹರಿಸುವುದು, ಒಡೆದ ಕೊಳವೆಗಳನ್ನು ಸರಿಪಡಿಸುವುದು, ಮಾಳಿಗೆಯ ನೀರನ್ನು ಗೋಡೆಯಿಂದಾಚೆ ಬೀಳಿಸುವುದು, ದೊಡ್ಡ ಮರಗಳನ್ನು ಗೋಡೆಗೆ ತಾಗಿಸಿ ನೆಡದಿರುವುದು, ಮನೆಯ ಸುತ್ತ ಒಂದೂವರೆ ಎರಡು ಮೀಟರ್ ಅಗಲದ, ಹೊರಕ್ಕೆ ಇಳಿಜಾರಾದ ಹಾಸುಗಟ್ಟು ಮಾಡುವುದು, ಇವಿಷ್ಟರಿಂದಲೇ ಚಲನೆ ಬಹುಮಟ್ಟಿಗೆ ತಗ್ಗುತ್ತದೆ. ಇದನ್ನು ಮಾಡಿ ಒಂದೆರಡು ವರ್ಷ ಅಳತೆ ನೋಡಿದ ಮೇಲೆಯೇ ಕಂಬದ ಮಾತನ್ನು ಎತ್ತುವುದು ವಿವೇಕ.

ಇದೇ ನೆಲದಲ್ಲಿ ದೊರೆತ ಇನ್ನೊಂದು ಪಾಠವೂ ಉಂಟು. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಸಿದ್ಧವಾಗಿ ಮಲಪ್ರಭಾ ನಾಲೆಗಳು ಎರೆಯ ಮೂಲಕ ಹಾಯಬೇಕಾದಾಗ, ನಾಲೆಯ ಕಲ್ಲುಹಾಸು ಉಬ್ಬಿ ಒಡೆಯುವ ಪ್ರಶ್ನೆ ಎದುರಾಯಿತು. ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ದೀರ್ಘಕಾಲ ಪ್ರಯೋಗ ನಡೆಸಿ, ಎರೆಯ ಮೇಲೆ ಸುಮಾರು ಒಂದು ಮೀಟರ್ ದಪ್ಪದ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರವನ್ನು ಹಾಕಿದರೆ ಉಬ್ಬುವಿಕೆ ಹತೋಟಿಗೆ ಬರುವುದೆಂದು ತೋರಿಸಿದರು. ಮಲಪ್ರಭಾ ನಾಲೆಗಳಲ್ಲಿ ಈ ಕ್ರಮ ಬಳಕೆಗೆ ಬಂದಿತು. ತುಸು ಜೇಡಿ ಬೆರೆತ ಗರಸು ಇಂಥ ಪದರಕ್ಕೆ ಯೋಗ್ಯವಾದೀತು. ಬರಿಯ ಉಸುಕು ನೀರನ್ನು ಕೆಳಗಿಳಿಸುವುದರಿಂದ ಯೋಗ್ಯವಲ್ಲ. ಹೊಸದಾಗಿ ಮನೆ ಕಟ್ಟುವವರು ನೆಲಗಟ್ಟಿನ ಅಡಿಗೆ ಈ ತತ್ತ್ವವನ್ನು ಅನ್ವಯಿಸಿಕೊಳ್ಳಬಹುದು.

8. ನಾಲ್ಕು ಪ್ರದೇಶಗಳಿಗೆ ಅನ್ವಯ

ಬೈಲಹೊಂಗಲದ ಆಳವಾದ ಎರೆಯಲ್ಲಿ, ಪ್ಲಿಂತ್ ಬೀಮುಳ್ಳ ಮನೆಗೆ, ನೀರಿನ ಹತೋಟಿಯಿಂದಲೂ ಚಲನೆ ನಿಲ್ಲದಿದ್ದಾಗ, ಸಣ್ಣ ವ್ಯಾಸದ ತಿರುಪುಗಂಬ ತಕ್ಕುದು. ಕೆಳಗೆ ತೆರಪು ಕಡ್ಡಾಯ. ಕಿತ್ತೂರಿನಲ್ಲಿ ಮೊದಲು ಮನೆ ಕೆಂಪುಮಣ್ಣಿನ ಮೇಲಿದೆಯೋ ಎರೆಯ ಮೇಲಿದೆಯೋ, ಅಥವಾ ಎರಡರ ಸಂಧಿಯಲ್ಲಿದೆಯೋ ನೋಡಬೇಕು. ಸಂಧಿಯಲ್ಲಿದ್ದರೆ ಒಂದು ಭಾಗ ಚಲಿಸಿ ಇನ್ನೊಂದು ನಿಂತಿರುವುದೇ ಬಿರುಕಿಗೆ ಕಾರಣ. ಎರೆಯ ಭಾಗಕ್ಕೆ ಮಾತ್ರ ಊರೆ ಕೊಡುವುದು ಇಲ್ಲಿ ಸಮರ್ಥನೀಯ. ಸವದತ್ತಿ ರಾಮದುರ್ಗಗಳಲ್ಲಿ ಗುಡ್ಡದ ಮಗ್ಗುಲಿಗೆ ಕಲ್ಲು ಹತ್ತಿರವಾದುದರಿಂದ ಬುನಾದಿಯನ್ನು ಗರಸಿಗೆ ಇಳಿಸುವುದೋ ಕೊರೆಗಂಬವೋ ಸಾಕು. ನದೀಬಯಲಿನಲ್ಲಿ ಬೈಲಹೊಂಗಲದ ನಿಯಮವೇ ಅನ್ವಯಿಸುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಮತ್ತು ಸವದತ್ತಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದಾಗ ಬಿದ್ದ ಮನೆಗಳ ಪ್ರಶ್ನೆ ಬೇರೆ. ನೀರಿನಲ್ಲಿ ನಿಂತ ಮಣ್ಣಿನ ಗೋಡೆ ತಾನೇ ಕರಗಿ ಬೀಳುತ್ತದೆ. ಅಂಥಲ್ಲಿ ತಳಪಾಯಕ್ಕೆ ಉಕ್ಕು ಹಾಕಿಸುವುದು ನಿರರ್ಥಕ. ಸ್ಥಳವನ್ನೂ ಗೋಡೆಯ ಸಾಮಗ್ರಿಯನ್ನೂ ಬದಲಿಸುವುದು ಸರಿಯಾದ ಮಾರ್ಗ.

ಕಾಲೇಜುಗಳಿಂದ ಈ ವಿಷಯದಲ್ಲಿ ಆಗಬಹುದಾದ ಉಪಕಾರ ದೊಡ್ಡದು. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಎರೆಯನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಅಳತೆಗೊಳವೆಗಳಲ್ಲಿ ಒಂದಕ್ಕೆ ಬಟ್ಟಿಯಿಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ 12 ಮಿಲಿಲೀಟರ್, ನೀರಿನಲ್ಲಿ 18 ಮಿಲಿಲೀಟರ್ ನಿಂತರೆ ಉಬ್ಬರ ನೂರಕ್ಕೆ 50. ಈ ಅಂಕ 35ನ್ನು ದಾಟಿದರೆ ಮಣ್ಣಿನ ಉಬ್ಬುವ ಗುಣ ಹೆಚ್ಚೆಂದೂ 50ನ್ನು ದಾಟಿದರೆ ಅತಿ ಹೆಚ್ಚೆಂದೂ ಎಣಿಸುತ್ತಾರೆ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮಣ್ಣನ್ನು ತಂದು ಈ ಪರೀಕ್ಷೆ ಮಾಡಿ, ಬಾವಿಗಳ ಬದಿಯಲ್ಲಿ ಗರಸು ಎಷ್ಟು ಆಳಕ್ಕೆ ಕಾಣುವುದೆಂಬುದನ್ನು ಗುರುತಿಸಿ, ಒಂದು ನಕ್ಷೆಯ ಮೇಲೆ ಬರೆಯುತ್ತ ಬಂದರೆ ಕೆಲವೇ ವರ್ಷಗಳಲ್ಲಿ ನಾಲ್ಕೂ ತಾಲೂಕುಗಳ ಎರೆಯ ಆಳದ ನಕ್ಷೆ ಸಿದ್ಧವಾದೀತು. ಒಂದು ಮನೆಗೆ ಕಂಬ ಬೇಕೇ ಬೇಡವೇ, ಬೇಕಾದರೆ ಯಾವುದು, ಎಷ್ಟು ಆಳಕ್ಕೆ ಎಂಬುದನ್ನು ಮಾರುವವನ ಮಾತಿನ ಮೇಲೆ ಬಿಡದೆ ನೆಲವನ್ನೇ ಕೇಳಿ ತಿಳಿಯಲು ಅಂಥ ನಕ್ಷೆ ನೆರವಾಗುತ್ತದೆ. ಜೀವಮಾನದ ಉಳಿತಾಯವನ್ನು ಮನೆಗೆ ಸುರಿದ ಕುಟುಂಬಕ್ಕೆ ಅದರಿಂದ ಆಗುವ ಪ್ರಯೋಜನ ಅಲ್ಪವಾದುದಲ್ಲ.